ಹದಿನಾರಕ್ಕೆ ಸೊನ್ನೆ

ಮೊದಲ ದಿನ ಪರೀಕ್ಷೆ ಮಾಡಿದ್ದು ಹಿಂದಿಯಲ್ಲಿ. ಹದಿನಾರು ವಾಕ್ಯ, ಒಂದೊಂದಕ್ಕೂ ನಾಲ್ಕು ಚಿತ್ರ. ನಾನು ವಾಕ್ಯ ಓದಬೇಕು, ಎದುರಿಗೆ ಕೂತವರು ಅದಕ್ಕೆ ಹೊಂದುವ ಚಿತ್ರದ ಮೇಲೆ ಬೆರಳಿಡಬೇಕು. ಹೋಟೆಲ್ ಮಾಲೀಕರು ಗಾಲಿಕುರ್ಚಿಯಲ್ಲಿ ಕೂತು ಎಡಗೈಯಿಂದ ತೋರಿಸುತ್ತಾ ಹೋದರು. ಐದು ಸರಿ ಬಂದವು. ಒಂದಕ್ಷರವೂ ಅರ್ಥವಾಗದವರು ಸುಮ್ಮನೆ ಬೆರಳಿಡುತ್ತಾ ಹೋದರೂ ಸರಾಸರಿ ನಾಲ್ಕು ಸರಿ ಬರುತ್ತವೆ. ದಿನಚರಿಯಲ್ಲಿ ಹಾಗೇ ಬರೆದುಕೊಂಡೆ: ಸೋಮವಾರ, ಹಿಂದಿ, ಹದಿನಾರಕ್ಕೆ ಐದು, ಊಹೆಗಿಂತ ಒಂದೇ ಒಂದು ಹೆಚ್ಚು.

ಸೋಫಾದಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ ಮಗ ತಲೆ ಎತ್ತಲಿಲ್ಲ. "ನಾನು ಹೇಳಿದ್ನಲ್ಲ ಮೇಡಂ. ಊಪರ್ ಕಾ ಮಾಲಾ ಖಾಲಿ, ತಲೆಯಲ್ಲಿ ಎಂತದೂ ಉಳಿದಿಲ್ಲ."

ನಾನು ಘಾಟ್ಕೋಪರ್‌ನ ಒಂದು ಪುನರ್ವಸತಿ ಕೇಂದ್ರದಲ್ಲಿ ವಾಕ್ ಚಿಕಿತ್ಸಕಿ. ಪಾರ್ಶ್ವವಾಯು ಬಡಿದು ಮಾತು ಕೆಟ್ಟವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವುದು, ಉಳಿದದ್ದನ್ನು ಹಿಡಿದು ಮುಂದಕ್ಕೆ ನಡೆಸುವುದು ನನ್ನ ಕೆಲಸ. ಇದು ನಡೆದಾಗ ಮೈಸೂರಿನಿಂದ ಮುಂಬಯಿಗೆ ಬಂದು ಎರಡನೆಯ ವರ್ಷ. ಕೇಂದ್ರದಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ ಈ ಕೇಸು ನನಗೆ ಬಂತು.

ಮಾಲೀಕರ ಮನೆ, ಹೋಟೆಲ್ ಎರಡೂ ವಿಲೆ ಪಾರ್ಲೆಯ ಒಂದೇ ಬಿಲ್ಡಿಂಗ್‌ನಲ್ಲಿದ್ದವು. ಕೆಳಗೆ ಹೋಟೆಲ್, ಎರಡನೇ ಮಹಡಿಯಲ್ಲಿ ಮನೆ. ನಾಲ್ಕು ತಿಂಗಳ ಹಿಂದೆ ಗಲ್ಲಾದಲ್ಲಿ ಕೂತಲ್ಲೇ ಅವರಿಗೆ ಸ್ಟ್ರೋಕ್ ಆಗಿತ್ತು. ಬಲಗೈ, ಬಲಗಾಲು ಬಿದ್ದವು. ತುಳು, ಕನ್ನಡ, ಹಿಂದಿ, ಮರಾಠಿ ನಾಲ್ಕನ್ನೂ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಮನುಷ್ಯನಿಗೆ ಉಳಿದದ್ದು ಒಂದೇ ಪದ, 'ಪಾರ್ಸೆಲ್'. ಹಸಿವಾದರೂ ಪಾರ್ಸೆಲ್, ಬೇಡವಾದರೂ ಪಾರ್ಸೆಲ್, ಸೊಂಟ ನೋಯುತ್ತಿದ್ದರೂ ಪಾರ್ಸೆಲ್. ಈ ಕಾಯಿಲೆಯಲ್ಲಿ ಹೀಗೆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡು ಉಳಿಯುವುದು ಉಂಟು. ಅವರ ಹೌದು, ಅಲ್ಲ ಎಂಬ ತಲೆಯಾಟವನ್ನೂ ನಂಬುವಂತಿರಲಿಲ್ಲ. ಬೇಕಾದಾಗ ಅಡ್ಡಕ್ಕೆ, ಬೇಡವಾದಾಗ ಉದ್ದಕ್ಕೆ ಆಡುತ್ತಿತ್ತು.

ಮಗನಿಗೆ ಚಿಕಿತ್ಸೆ ಬೇಕಿರಲಿಲ್ಲ. ಒಂದು ಸರ್ಟಿಫಿಕೇಟ್ ಬೇಕಿತ್ತು. ಹೋಟೆಲ್ ಕೊಳ್ಳುವವರು ತಯಾರಿದ್ದರು, ಜಾಗ ಅಪ್ಪನ ಹೆಸರಿನಲ್ಲಿತ್ತು. ಬರೆಯಲಾರದ, ಮಾತಾಡಲಾರದ ಮನುಷ್ಯನ ಹೆಬ್ಬೆಟ್ಟು ನಿಲ್ಲಬೇಕಾದರೆ ಅವನಿಗೆ ಹೇಳಿದ್ದು ಅರ್ಥವಾಗುತ್ತದೆ ಎಂದು ತಿಳಿದವರು ಬರೆದುಕೊಡಬೇಕು ಎಂದು ವಕೀಲರು ಹೇಳಿದ್ದರಂತೆ. ಇದನ್ನು ಮಗ ಮೊದಲ ದಿನವೇ ಬಾಗಿಲ ಹೊರಗೆ ನಿಂತು ನನಗೆ ಹೇಳಿದ. ಅರ್ಥವಾಗುತ್ತದೆ ಎಂದು ಸಾಬೀತಾದರೆ ಬೇಡ ಎನ್ನುವ ಹಕ್ಕೂ ಅವರಿಗೆ ಬರುತ್ತದಲ್ಲ ಎಂದು ನಾನು ಲೆಕ್ಕ ಹಾಕಿದೆ. ಬೇಡ ಎಂದು ಹೇಳಲು ಬಾಯಾಗಲಿ ನಂಬಬಹುದಾದ ತಲೆಯಾಗಲಿ ಅವರಿಗಿಲ್ಲ ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ನಮ್ಮ ಕೇಂದ್ರದ ಹಿರಿಯ ಮೇಡಂ ಅಂಕ ನೋಡಿ, "ಐದು? ತೀವ್ರ ಅಂತ ಬರೆದು ಮುಗಿಸು" ಎಂದು ಹಿಂದಿಯಲ್ಲಿ ಹೇಳಿದರು. ಅವರು ಮರಾಠಿಯವರು, ಒಂದು ಕೇಸಿಗೆ ಎರಡು ವಾರಕ್ಕಿಂತ ಹೆಚ್ಚು ಕೊಡುವವರಲ್ಲ. ಮಾಲೀಕರು ಹಿಂದಿ ಬಲ್ಲವರಾದರೂ ಮನೆ, ಅಡುಗೆಮನೆ ಎಲ್ಲ ತುಳು, ಕನ್ನಡ, ಆ ಭಾಷೆಯಲ್ಲಿ ಒಮ್ಮೆ ನೋಡಬೇಕು ಎಂದೆ. "ಕಪಾಟಿನಲ್ಲಿ ಕನ್ನಡದ್ದು ಇದೆ. ನಿನ್ನ ಭಾಷಾಪ್ರೇಮಕ್ಕೆ ಒಂದು ವಾರ ಕೊಟ್ಟೆ."

ಕಪಾಟಿನಲ್ಲಿದ್ದ ಕನ್ನಡದ ಪ್ರತಿಯನ್ನು ಯಾರೋ ಹಿಂದಿಯಿಂದ ಪದಕ್ಕೆ ಪದ ಇಳಿಸಿದ್ದರು. 'ಯಾವ ಹುಡುಗನನ್ನು ಹುಡುಗಿ ತಳ್ಳುತ್ತಿದ್ದಾಳೋ ಆ ಹುಡುಗನನ್ನು ತೋರಿಸಿ.' ಗುರುವಾರ ಅದನ್ನೇ ಓದಿದೆ. ಮಾಲೀಕರು ನಾಲ್ಕನೇ ವಾಕ್ಯಕ್ಕೇ ಬೇಸತ್ತು ಪುಸ್ತಕವನ್ನು ಮೊಣಕೈಯಿಂದ ದೂಡಿದರು. "ಪಾರ್ಸೆಲ್." ಬೇಡಿಕೊಂಡು ಮುಗಿಸಿದೆ. ಆರು ಸರಿ.

ಆ ದಿನ ಮಗ ಅವರ ಅಂಗಿ ಬದಲಿಸುತ್ತಿದ್ದ. ಬಿದ್ದ ಕೈಯನ್ನು ತೋಳಿನೊಳಗೆ ತೂರಿಸುತ್ತಾ, ಗೋಡೆಯ ಗಡಿಯಾರದ ಬಗ್ಗೆ ಮಾತಾಡುವವನ ಹಾಗೆ ಹೇಳಿದ: "ಅವತ್ತು ಆಂಬುಲೆನ್ಸ್ ಬೇಗ ಸಿಕ್ಕಿತು ಮೇಡಂ. ಆಧಾ ಘಂಟಾ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ರೆ ಸಬ್ ಕೋ ಛುಟ್ಟಿ ಸಿಗ್ತಿತ್ತು. ಅವ್ರಿಗೂ, ನಮ್ಗೂ."

ನಾನು ಮಾಲೀಕರ ಮುಖ ನೋಡಿದೆ. ಬಲಗಡೆ ಜೋತುಬಿದ್ದಿತ್ತು. ಎಡಗಡೆಯೂ ಅಲ್ಲಾಡಲಿಲ್ಲ.

ಗೋರೆಗಾಂವ್‌ನಲ್ಲಿರುವ ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರವೆಲ್ಲ ಕೂತು ಆ ವಾಕ್ಯಗಳನ್ನು ಬಿಚ್ಚಿದೆ. ಹಿಂದಿ 'ಜಿಸ್' ಎಂದು ಒಂದು ಗೂಟ ನೆಟ್ಟು, ಹಗ್ಗ ಎಳೆದು, 'ಉಸ್' ಎಂಬ ಇನ್ನೊಂದು ಗೂಟಕ್ಕೆ ಕಟ್ಟುತ್ತದೆ. ಮರಾಠಿಯ 'ಜೋ', 'ತೋ' ಕೂಡ ಅದೇ. ಇಂಗ್ಲಿಷ್ ಮೊದಲು ಮನುಷ್ಯನನ್ನು ನಿಲ್ಲಿಸಿ, ಆಮೇಲೆ ಒಂದು ಸರ್ವನಾಮದ ಕೊಕ್ಕೆ ಹಾಕಿ ಅವನ ಕತೆ ಹೇಳುತ್ತದೆ. ಕನ್ನಡಕ್ಕೆ, ತುಳುವಿಗೆ ಗೂಟವೂ ಬೇಡ, ಕೊಕ್ಕೆಯೂ ಬೇಡ. 'ಹುಡುಗಿ ತಳ್ಳುತ್ತಿರುವ ಹುಡುಗ.' ಕ್ರಿಯೆ ನೇರವಾಗಿ ಹೋಗಿ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಬೇಕೆಂದರೆ ನಾವೂ 'ಯಾವ', 'ಆ' ಎಂದು ಕಟ್ಟಬಹುದು, ಶಾಸನದಲ್ಲಿ, ಗಾದೆಯಲ್ಲಿ ಕಟ್ಟಿದ್ದೇವೆ. ಆದರೆ ಹೋಟೆಲಿನಲ್ಲಿ 'ಯಾವ ಗಿರಾಕಿ ದೋಸೆ ಕೇಳಿದನೋ ಆ ಗಿರಾಕಿ' ಎಂದು ಯಾರೂ ಕೂಗುವುದಿಲ್ಲ. 'ದೋಸೆ ಕೇಳಿದವರು' ಅಷ್ಟೇ.

ಮಿದುಳಿಗೆ ಪೆಟ್ಟಾದವರಿಗೆ ಈ ಜಿಸ್, ಉಸ್, ಯಾವ, ಆ ತರಹದ ಸಣ್ಣ ಪದಗಳೇ ಮೊದಲು ಜಾರುವುದು. ಅವನ್ನು ತೆಗೆದರೆ ಹೊರೆ ಇಳಿಯುತ್ತದೆ. ಇನ್ನೊಂದು ತೊಂದರೆ ಮಾತ್ರ ಉಳಿಯುತ್ತದೆ. ಕನ್ನಡದಲ್ಲಿ ಮಾಡಿದ್ದು ಮೊದಲು ಕೇಳಿಸುತ್ತದೆ, ಮಾಡಿದವನು ಕೊನೆಗೆ ಬರುತ್ತಾನೆ. ಅವನು ಬರುವ ತನಕ ಕೃತ್ಯವನ್ನು ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿರಬೇಕು.

ಹದಿನಾರನ್ನೂ ಹೊಸದಾಗಿ ಬರೆದೆ. ಚಿತ್ರಗಳು ಅವೇ. ಮಂಗಳವಾರ ಒಂಬತ್ತು ಸರಿ ಬಂದವು. ಏರಿತ್ತು, ಆದರೆ ಸಾಲದು. ಮುಖ್ಯವಾಗಿ ಅವರು ಚಿತ್ರಗಳನ್ನು ನೋಡುತ್ತಲೇ ಇರಲಿಲ್ಲ. ಚೆಂಡು ಹಿಡಿದ ಹುಡುಗ, ಕೊಡೆ ಹಿಡಿದ ಹುಡುಗಿ, ಬೆಕ್ಕು. ನಲವತ್ತು ವರ್ಷ ಗಲ್ಲಾದಲ್ಲಿ ಕೂತವರಿಗೆ ಈ ಮಕ್ಕಳಿಂದ ಆಗಬೇಕಾದ್ದೇನು?

ಇಳಿದು ಹೋಟೆಲಿನೊಳಗೆ ಹೋದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಅಡುಗೆಯ ಭಟ್ಟರು ಹೊರಗೆ ಬಂದು ಪಂಖದ ಕೆಳಗೆ ಬೆವರು ಆರಿಸುತ್ತಿದ್ದರು. ಶೇಟ್ರು, ಅಂದರೆ ಮಾಲೀಕರು, ಮಾತಾಡುತ್ತಿದ್ದದ್ದು ಹೇಗೆ, ಯಾರ ಜೊತೆ, ಏನು ಎಂದು ಕೇಳಿದೆ.

"ಮಾತಾಡೂದಾ? ಬೈಯೂದು ಅನ್ನಿ" ಎಂದರು ಭಟ್ಟರು. "ಇಲ್ಲಿ ಯಾರಿಗೂ ಹೆಸರು ಇಲ್ಲ ಮೇಡಂ. ಬಂದ ಹೊಸತರಲ್ಲಿ ಎಂತ ತಪ್ಪು ಮಾಡಿದ್ರೋ ಅದೇ ಹೆಸರು. ಅಗೋ ಅಲ್ಲಿ ಟೇಬಲ್ ಒರೆಸ್ತಿದ್ದಾನಲ್ಲ, ಅವ ಗ್ಲಾಸ್ ಒಡೆದವ. ಆ ಉದ್ದದವ ಹಾಲು ಉಕ್ಕಿಸಿದವ. ಒಳಗೆ ರುಬ್ಬೂದಕ್ಕೆ ಇರುವವ ತಾಯಿ ಸತ್ತಾಗ ರಜೆ ಕೇಳಿದವ."

"ತಾಯಿ ಸತ್ತಾಗ ರಜೆ ಕೇಳೋದು ತಪ್ಪೇ?"

"ದೀಪಾವಳಿ ಸೀಸನ್ ಮಾರಾಯ್ತಿ. ಶೇಟ್ರ ಲೆಕ್ಕದಲ್ಲಿ ತಪ್ಪೇ." ಭಟ್ಟರು ನಕ್ಕರು. "ಇನ್ನೊಬ್ಬ ಉಂಟು, ಹೆಂಡತಿ ಬಿಟ್ಟುಹೋದವ."

"ಹೆಂಡತಿ ಅವನನ್ನ ಬಿಟ್ಟಳೋ, ಅವನೇ ಹೆಂಡತೀನ ಬಿಟ್ಟನೋ?"

"ಹೇಗೆ ಬೇಕಾದ್ರೂ ತಗೊಳ್ಳಿ. ಶೇಟ್ರಿಗೆ ಬೇಕಾದ್ದು ಅದೇ. ಗಲ್ಲಾದಿಂದ ಕೂಗಿದ್ರೆ ಗಿರಾಕಿಗಳೆಲ್ಲ ತಿರುಗಿ ನೋಡ್ಬೇಕು."

"ನಿಮಗೇನು ಹೆಸರು?"

ಅವರು ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. "ಉಪ್ಪು ಎರಡು ಸಲ ಹಾಕಿದವ. ಇಪ್ಪತ್ತೆರಡು ವರ್ಷ ಆಯ್ತು ಆ ಸಾಂಬಾರು ಚೆಲ್ಲಿ. ನನ್ನ ಮಗಳ ಮದುವೆಗೆ ಬಂದು, ಬೀಗರ ಎದುರು ಅದೇ ಹೆಸರಲ್ಲಿ ಕರೆದ್ರು."

"ಮಗನಿಗೆ?"

ಭಟ್ಟರು ಗಲ್ಲಾದ ಕಡೆ ನೋಡಿ ದನಿ ತಗ್ಗಿಸಿದರು. ಮಗ ಮೊದಲೊಮ್ಮೆ ಗೋರೆಗಾಂವ್‌ನಲ್ಲಿ ಇನ್ನೊಂದು ಹೋಟೆಲ್ ತೆರೆದಿದ್ದನಂತೆ. ಆರು ತಿಂಗಳಲ್ಲಿ ಬಾಗಿಲು ಹಾಕಿತು. "ಗೋರೆಗಾಂವ್ ಮುಳುಗಿಸಿದವ. ಸಪ್ಲಾಯರ್‌ಗಳ ಎದುರೇ. 'ಗೋರೆಗಾಂವ್ ಮುಳುಗಿಸಿದವನಿಗೆ ಚಾ ಕೊಡು, ಗ್ಲಾಸ್ ಭದ್ರ.' ಅವ ಕುಡೀತಿದ್ದ ಪಾಪ. ಎಂತ ಮಾಡೂದು?"

ಭಟ್ಟರು ಹೇಳುತ್ತಾ ಹೋದಂತೆ ನನ್ನ ಮೈ ಜುಮ್ಮೆಂದಿತು. ಕರುಣೆಯಿಂದಲ್ಲ. ಒಡೆದವ, ಉಕ್ಕಿಸಿದವ, ಕೇಳಿದವ, ಬಿಟ್ಟುಹೋದವ, ಮುಳುಗಿಸಿದವ. ನಾನು ಚೆಂಡು, ಬೆಕ್ಕು ಹಿಡಿದುಕೊಂಡು ಅಳೆಯಲು ಹೆಣಗುತ್ತಿದ್ದ ವಾಕ್ಯರಚನೆಯನ್ನೇ ಆ ಮನುಷ್ಯ ದಿನವಿಡೀ ಗಲ್ಲಾದಿಂದ ಎಸೆಯುತ್ತಿದ್ದ. ಸಪ್ಲಾಯರ್‌ಗಳನ್ನೆಲ್ಲ ನಿಲ್ಲಿಸಿ ಒಬ್ಬೊಬ್ಬರ ಫೋಟೋ ತೆಗೆದೆ. ಮಗ ಗಲ್ಲಾದಲ್ಲಿ ಫೋನ್‌ನಲ್ಲಿದ್ದ. ಕೇಳಿದಾಗ ಅವನೂ ಮುಖ ಈಚೆ ತಿರುಗಿಸಿದ.

ಗುರುವಾರ ಮಾಲೀಕರ ಮುಂದೆ ನಾಲ್ಕು ನಾಲ್ಕು ಫೋಟೋ ಹರಡಿದೆ. "ಹಾಲು ಉಕ್ಕಿಸಿದವ." ಬೆರಳು ಬಾಣದ ಹಾಗೆ ಹೋಗಿ ಬಿತ್ತು. "ತಾಯಿ ಸತ್ತಾಗ ರಜೆ ಕೇಳಿದವ." ಬಿತ್ತು. ನಾನು ಉದ್ದ ಮಾಡಿದೆ: "ಗ್ಲಾಸ್ ಒಡೆದವನ ಪಕ್ಕದಲ್ಲಿ ಕೆಲಸ ಮಾಡುವವ." ಅರೆಕ್ಷಣ ಯೋಚಿಸಿ ಸರಿಯಾದ ಮುಖದ ಮೇಲೆ ಬೆರಳಿಟ್ಟರು. ಹನ್ನೆರಡು ವಾಕ್ಯಗಳಲ್ಲಿ ಹನ್ನೊಂದು ಸರಿಯಾಗಿ ಮುಗಿದು ಕೊನೆಯದು ಉಳಿಯಿತು. ಮಗ ಮನೆಯಲ್ಲಿರಲಿಲ್ಲ. "ಗೋರೆಗಾಂವ್ ಮುಳುಗಿಸಿದವ" ಎಂದೆ.

ಅವರು ಫೋಟೋದ ಮೇಲೆ ಬೆರಳನ್ನು ಎರಡು ಸಲ ಕುಟ್ಟಿದರು. ಮುಖದ ಎಡಗಡೆ ಮೇಲಕ್ಕೆದ್ದಿತು. ನಗುತ್ತಿದ್ದರು. ನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಅವರು ನಕ್ಕದ್ದು ಅದೇ ಮೊದಲಂತೆ, ಮನೆಗೆಲಸದವಳು ಓಡಿಬಂದು ನೋಡಿದಳು.

ಅವರಿಗೆ ಆಟ ತಿಳಿದಂತಾಯಿತು. ಆ ಬಿಸಿಯಲ್ಲೇ ಚೆಂಡು, ಕೊಡೆಗಳ ಪುಸ್ತಕ ತೆಗೆದೆ. ಹದಿನಾರಕ್ಕೆ ಹದಿನಾಲ್ಕು.

ಸಂಜೆ ಮಗ ಬಂದಾಗ ನಾನು ಹೆಮ್ಮೆಯಿಂದ ಹೇಳಿದೆ. ಅವನು ಅಲ್ಲೇ, ಗಾಲಿಕುರ್ಚಿಗೆ ಬೆನ್ನು ಮಾಡಿ, ವಕೀಲರಿಗೆ ಫೋನ್ ಮಾಡಿದ. ವಕೀಲರೂ ಮಾಲೀಕರ ಊರಿನ ಕಡೆಯವರೇ ಆದ್ದರಿಂದ ಕನ್ನಡ, ಹಿಂದಿ ಕಲಸಿಕೊಂಡು ಮಾತು ನಡೆಯಿತು.

"ಪಾಸ್ ಆಗ್ತಾರಂತೆ. ಶನಿವಾರ ಫೈನಲ್, ಆಪ್ ಭೀ ಆವೋ... ಇಲ್ಲ ಇಲ್ಲ, ಪಪ್ಪಾನಿಗೆ ಕುಛ್ ಸಮಝ್ ಆಗೂದಿಲ್ಲ, ವೋ ಛೋಡೋ. ಸಮಝ್ ಆಗ್ತದೆ ಅಂತ ಪೇಪರ್‌ನಲ್ಲಿ ಬಂದ್ರೆ ಸಾಕಲ್ಲ? ಸೋಮವಾರ ಹೆಬ್ಬೆಟ್ಟು, ಮಂಗಳವಾರ ವಸಯಿಗೆ ಪಾರ್ಸೆಲ್. ಹಾಂ, ಅಲ್ಲಿ ಒಂದು ವೃದ್ಧಾಶ್ರಮ ನೋಡಿ ಇಟ್ಟಿದ್ದೇನೆ. ಅಡ್ವಾನ್ಸ್ ಬುಕ್ಕಿಂಗ್!"

ವಕೀಲರ ನಗು ಫೋನಿನಿಂದ ನನಗೂ ಕೇಳಿಸಿತು. ನಾನು ಫೋಟೋಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮಾಲೀಕರು ಟೇಬಲ್ ಮೇಲೆ ಉಳಿದಿದ್ದ ಚಿತ್ರದ ಪುಸ್ತಕವನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಪರೀಕ್ಷೆ ಯಾಕೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಶನಿವಾರ ಹಿರಿಯ ಮೇಡಂ ಸಾಕ್ಷಿಗೆ ಬಂದರು. ವಕೀಲರು ಗರಿಗರಿ ಬಿಳಿ ಅಂಗಿಯಲ್ಲಿ ಬಂದರು. ಕೆಳಗಿನಿಂದ ಕಾಫಿ ಬಂತು. ಮಗ ಅಪ್ಪನ ತಲೆ ಬಾಚಿ ಕ್ರಾಪು ತೆಗೆದಿದ್ದ, ಶಾಲೆಗೆ ಕಳಿಸುವ ಮಗುವಿನ ಹಾಗೆ.

ಮೊದಲ ವಾಕ್ಯ ಓದಿದೆ. "ಹುಡುಗಿ ತಳ್ಳುತ್ತಿರುವ ಹುಡುಗನನ್ನು ತೋರಿಸಿ." ಮಾಲೀಕರ ಕಣ್ಣು ಸರಿಯಾದ ಚಿತ್ರದ ಮೇಲೆ ಹೋಯಿತು. ಅಲ್ಲಿ ನಿಂತಿತು. ಬೆರಳು ಅದರ ಪಕ್ಕದ ಚಿತ್ರಕ್ಕೆ ಹೋಯಿತು.

ಗಾಬರಿ ಇರಬಹುದು ಎಂದುಕೊಂಡೆ. ಎರಡನೆಯದು ತಪ್ಪು. ಮೂರನೆಯದು ತಪ್ಪು. ಐದನೆಯದಕ್ಕೆ ಗುರುವಾರ ನಾನು ಓದಿ ಮುಗಿಸುವ ಮೊದಲೇ ಬೆರಳಿಟ್ಟಿದ್ದರು, ಅದೂ ತಪ್ಪು. ಪ್ರತಿ ಸಲ ಕಣ್ಣು ಮೊದಲು ಸರಿಯಾದ ಚಿತ್ರವನ್ನು ಹುಡುಕಿಕೊಳ್ಳುತ್ತಿತ್ತು, ಬೆರಳು ಅದನ್ನು ಬಿಟ್ಟು ಹೊರಡುತ್ತಿತ್ತು. ಎಲ್ಲಿ ಕಾಲಿಡಬಾರದು ಎಂದು ನೋಡಿಕೊಂಡು ನಡೆಯುವವರು ಹೀಗೆ ಮಾಡುತ್ತಾರೆ.

ಹದಿನಾರಕ್ಕೆ ಸೊನ್ನೆ.

"ಕ್ಯಾ ಪಪ್ಪಾ" ಎಂದ ಮಗ. ಮೊಣಕಾಲೂರಿ ಕೂತು ಅಪ್ಪನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. "ಒಂದು ಕೂಡ ಬರ್ಲಿಲ್ವಾ? ಏಕ್ ಭೀ ನಹೀ? ಗೋಣಿಚೀಲ ಇಟ್ರೂ ನಾಲ್ಕು ಬರ್ತಿತ್ತು, ಮೇಡಂ ಅವ್ರೇ ಹೇಳಿದ್ದು."

ಅವನು ಸಿಟ್ಟಿನಲ್ಲಿ ಆಡಿದ ಮಾತೇ ಸರಿಯಾದ ಲೆಕ್ಕವಾಗಿತ್ತು. ಅರ್ಥವಾಗದವರು ಸೊನ್ನೆ ತೆಗೆಯುವುದು ಬಲು ಕಷ್ಟ. ಹದಿನಾರು ಸಲವೂ ತಪ್ಪಬೇಕಾದರೆ ಹದಿನಾರು ಸಲವೂ ಸರಿ ಯಾವುದೆಂದು ಗೊತ್ತಿರಬೇಕು. ಹಿರಿಯ ಮೇಡಂ ನನ್ನನ್ನು ನೋಡಿದರು. ಅವರಿಗೂ ಗೊತ್ತಾಗಿತ್ತು.

ಅಡುಗೆಮನೆಯ ಕಡೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: ಇವತ್ತಿನದು ಆಯಾಸ ಎಂದು ಬಿಡು, ಗುರುವಾರದ ಹದಿನಾಲ್ಕು ಹಾಕಿ ಅರ್ಥವಾಗುತ್ತದೆ ಎಂದು ಬರೆ, ಅದು ಸುಳ್ಳೂ ಅಲ್ಲ.

"ಬರೆದ್ರೆ ಸೋಮವಾರ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸ್ತಾರೆ ಮೇಡಂ."

"ಅದು ನಮ್ಮ ವಿಭಾಗವಲ್ಲ. ನಮ್ಮದು ಕಿವಿಯಿಂದ ಮಿದುಳಿನ ತನಕ."

"ಹಾಗಾದ್ರೆ ಅರ್ಥವಾಗಲ್ಲ ಅಂತ ಬರೀಲಾ?"

"ಬರೆ. ಸೊನ್ನೆ ಅವರೇ ಕೊಟ್ಟಿದ್ದಾರೆ. ಯಾವುದಾದರೂ ಒಂದನ್ನು ಬರೆ, ಸೋಮವಾರದೊಳಗೆ ಬರೆ. ನನ್ನ ಸಹಿ ಬೇಡ, ನಿನ್ನದೇ ಇರಲಿ. ಕೋರ್ಟಿಗೆ ಕರೆದರೆ ನೀನು ಚಿಕ್ಕವಳು, ಓಡಾಡಬಲ್ಲೆ."

ಭಾನುವಾರ ಬೆಳಿಗ್ಗೆ ಯಾರೂ ಕರೆಯದೆ ಹೋದೆ. ರಜೆಯ ದಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಮೂರು ಕಾರ್ಡ್ ಅಲ್ಲೇ ಬರೆದುಕೊಂಡೆ. ಹೋಟೆಲಿಗೆ ಭಾನುವಾರದ ತಿಂಡಿಯ ಗಿರಾಕಿ, ಮಗ ಕೆಳಗಿದ್ದ. ಮನೆಗೆಲಸದವಳು ಬಾಗಿಲು ತೆರೆದಳು.

ಅವರ ಮುಂದೆ ಕೂತು, ನಿಧಾನವಾಗಿ, ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿದೆ. "ನಿಮಗೆ ಎಲ್ಲಾ ಅರ್ಥ ಆಗುತ್ತೆ. ನನಗೆ ಗೊತ್ತು. ನಿನ್ನೆ ನೀವು ಬೇಕಂತಲೇ ತಪ್ಪು ತೋರಿಸಿದ್ರಿ. ಅದೂ ಗೊತ್ತು. ನಾನೀಗ ಒಂದು ಮಾತು ಬರೀಬೇಕು." ಕಾರ್ಡ್‌ಗಳನ್ನಿಟ್ಟು ಒಂದೊಂದನ್ನೂ ಎರಡೆರಡು ಸಲ ಓದಿದೆ. ಅರ್ಥವಾಗುತ್ತದೆ. ಅರ್ಥವಾಗುವುದಿಲ್ಲ. ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ.

ಎರಡನೆಯದರ ಮೇಲೆ ಬೆರಳಿಟ್ಟರು.

ಕಾರ್ಡ್‌ಗಳ ಜಾಗ ಬದಲಿಸಿ ಮತ್ತೆ ಓದಿದೆ. ಮತ್ತೆ ಅದೇ.

"ಅದು ಸುಳ್ಳು. ನಾನು ಹಾಗೆ ಬರೆಯೋಕಾಗಲ್ಲ. ಇನ್ನೊಂದು ನೋಡಿ, ಒಪ್ಪುವುದಿಲ್ಲ ಅಂತ. ಅದನ್ನ ಬರೆದ್ರೂ ಮಾರಾಟ ನಿಲ್ಲುತ್ತೆ."

ಅವರು ಮೂರನೆಯ ಕಾರ್ಡನ್ನು ಟೇಬಲಿನ ಅಂಚಿಗೆ ತಳ್ಳಿದರು. ಅದು ಬಿತ್ತು. ಎತ್ತಿ ಇಟ್ಟೆ. ಮತ್ತೆ ತಳ್ಳಿದರು.

ಆಗ ನನಗೆ ಹೊಳೆಯಿತು. ಹೋಟೆಲ್ ಉಳಿಯುವುದು ಅವರಿಗೆ ಬೇಕಿತ್ತು, ಆದರೆ ಅದಷ್ಟೇ ಅಲ್ಲ. "ಅರ್ಥವಾಗಲ್ಲ ಅಂತ ಬರೆದ್ರೆ ಅವರು ನಿಮ್ಮೆದುರು ಹೀಗೇ ಮಾತಾಡ್ತಾ ಇರ್ತಾರೆ. ಆಂಬುಲೆನ್ಸು, ಆಶ್ರಮ, ಎಲ್ಲಾ. ನಿಮಗೆ ಅದೇ ಬೇಕಾ?"

ಅವರು ಎರಡನೆಯ ಕಾರ್ಡಿನ ಮೇಲೆ ಇಡೀ ಅಂಗೈ ಊರಿದರು. ತೆಗೆಯಲಿಲ್ಲ. ಕಣ್ಣು ನನ್ನ ಮೇಲೇ ಇತ್ತು. ಗಲ್ಲಾದ ಹಿಂದೆ ನಲವತ್ತು ವರ್ಷ ಒಬ್ಬೊಬ್ಬರ ತಪ್ಪನ್ನೂ ಆಯ್ದಿಟ್ಟುಕೊಂಡಿದ್ದ ಮನುಷ್ಯ ಈಗಲೂ ಆಯುತ್ತಲೇ ಇದ್ದ. ಹೇಳುವ ಬಾಯಿ ಹೋಗಿತ್ತು, ಆಯುವ ಕಿವಿ ಇತ್ತು. ಅದನ್ನು ಮುಚ್ಚಬೇಡ ಎನ್ನುತ್ತಿದ್ದರು.

"ಆಗಲ್ಲ" ಎಂದೆ.

"ಪಾರ್ಸೆಲ್" ಎಂದು ಬಾಗಿಲು ತೋರಿಸಿದರು. ಆ ಪದಕ್ಕೆ ಅವತ್ತು ಒಂದೇ ಅರ್ಥವಿತ್ತು.

ಘಾಟ್ಕೋಪರ್‌ಗೆ ಹೋಗುವ ಮೆಟ್ರೋದಲ್ಲಿ ಸೋಮವಾರ ಬೆಳಿಗ್ಗೆ ಯೋಚಿಸಿದೆ. ನಾನು ಏನು ಬರೆದರೂ ಅದು ಅಪ್ಪ, ಮಗ ಇಬ್ಬರಲ್ಲಿ ಒಬ್ಬರ ಕೈಗೆ ಆಯುಧವಾಗುತ್ತದೆ. ಹಾಗಾದರೆ ಕಂಡದ್ದನ್ನೇ ಬರೆಯುವುದು ಎಂದು ನಿರ್ಧರಿಸಿದೆ. ಆಫೀಸಿನಲ್ಲಿ ಕೂತು ಮೂರು ಸಾಲು ಟೈಪ್ ಮಾಡಿದೆ. ರೋಗಿಗೆ ತಮ್ಮ ಭಾಷೆಯಲ್ಲಿ ಹೇಳಿದ ಸಂಕೀರ್ಣ ವಾಕ್ಯಗಳು ಅರ್ಥವಾಗುತ್ತವೆ. ಶನಿವಾರದ ಪರೀಕ್ಷೆಯಲ್ಲಿ ಅವರು ಸರಿ ಉತ್ತರ ತಿಳಿದೇ ತಪ್ಪು ಉತ್ತರ ಕೊಟ್ಟಿದ್ದಾರೆ. ಇದನ್ನು ತಿಳಿವಳಿಕೆಯ ಕೊರತೆ ಎಂದಲ್ಲ, ಅಸಮ್ಮತಿ ಎಂದು ಓದಬೇಕು. ಕೆಳಗೆ ನನ್ನ ಸಹಿ ಹಾಕಿದೆ. ಮೇಡಂ ಓದಿ, "ಈ ಮೂರನೇ ಸಾಲು ಯಾರು ಕೇಳಿದ್ದರು?" ಎಂದರು. ಆದರೆ ಲಕೋಟೆಗೆ ಹಾಕಿ ಕೊಟ್ಟರು.

ಅವತ್ತೇ ಪಾರ್ಲೆಯ ಮನೆಯಲ್ಲಿ, ಗಾಲಿಕುರ್ಚಿಯ ಪಕ್ಕ ನಿಂತೇ ಮಗ ಅದನ್ನು ಓದಿದ. ಇಂಗ್ಲಿಷ್‌ನಲ್ಲಿದ್ದರೂ ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದ. ವಕೀಲರು ಅವನ ಭುಜದ ಮೇಲಿಂದ ಇಣುಕಿ, ತಮ್ಮ ಬ್ಯಾಗು ಮುಚ್ಚಿದರು. "ಒಪ್ಪದವರ ಹೆಬ್ಬೆಟ್ಟು ಅಂತ ಬರಹದಲ್ಲಿ ಬಂದ ಮೇಲೆ ನಾನು ಮುಟ್ಟೂದಿಲ್ಲ ಮಾರಾಯ್ರೆ. ನನಗೂ ವಕೀಲಿ ಸನದು ಉಂಟು, ಅದು ಉಳೀಬೇಕಲ್ಲ." ಅವರು ಮೆಟ್ಟಿಲು ಇಳಿಯುವ ಸದ್ದು ಕೊನೆಯ ತನಕ ಕೇಳಿಸಿತು.

"ಮತ್ಲಬ್, ನಾಲ್ಕು ತಿಂಗಳಿಂದ ಸಬ್ ಕೇಳ್ತಾ ಇದ್ರಾ?" ಎಂದು ಮಗ ನನ್ನನ್ನು ಕೇಳಿದ.

"ಹೌದು."

"ಆಂಬುಲೆನ್ಸ್ ವಾಲಾ ಮಾತು ಭೀ?"

ಅವನು ಅಪ್ಪನ ಕಡೆ ತಿರುಗಿದ. ಅಪ್ಪ ಅವನನ್ನೇ ನೋಡುತ್ತಿದ್ದರು. ಮುಖದ ಎಡಗಡೆ, ಗುರುವಾರ ಫೋಟೋದ ಮೇಲೆ ಬೆರಳು ಕುಟ್ಟುವಾಗ ಎದ್ದಿದ್ದ ಹಾಗೆಯೇ, ಮೆಲ್ಲಗೆ ಮೇಲಕ್ಕೆದ್ದಿತು. ಇಷ್ಟು ದಿನ ತಾನು ಆಡಿದ್ದನ್ನೆಲ್ಲ ಮಗ ಒಂದೊಂದಾಗಿ ನೆನೆದುಕೊಳ್ಳುತ್ತಿದ್ದ, ಅದು ಕಾಣುತ್ತಿತ್ತು. ಒಂದು ಹಂತದಲ್ಲಿ ನೆನೆಯುವುದನ್ನು ನಿಲ್ಲಿಸಿದ. ಹೋಗಿ ಮುಖ ತೊಳೆದುಕೊಂಡು ಬಂದು ನನಗೆ ಹೇಳಿದ: "ನಾಳೆಯಿಂದ ಬರೂದು ಬೇಡ."

ದಿನಚರಿಯಲ್ಲಿ ಆ ಕೇಸಿನ ಕೆಳಗೆ ಗೆರೆ ಎಳೆದೆ. ಐದು, ಆರು, ಒಂಬತ್ತು, ಹದಿನಾಲ್ಕು, ಸೊನ್ನೆ. ಮೇಡಂ ಆರು ವಾರ ನನಗೆ ಮನೆ ಭೇಟಿಯ ಕೇಸು ಕೊಡಲಿಲ್ಲ.

ಆಮೇಲೆ ಕೊಟ್ಟದ್ದು ಪಾರ್ಲೆಯಲ್ಲೇ, ಬೇರೆ ಮನೆ. ಮುಗಿಸಿಕೊಂಡು ಸ್ಟೇಷನ್‌ಗೆ ನಡೆಯುವಾಗ ಹೋಟೆಲ್ ಕಂಡಿತು. ಬಾಗಿಲಲ್ಲಿ ಗಿರಾಕಿಗಳು ಜಾಗಕ್ಕೆ ಕಾಯುತ್ತಿದ್ದರು. ಒಳಗೆ ಹೋಗಿ ಮೂಲೆಯ ಟೇಬಲ್‌ನಲ್ಲಿ ಒಂದು ಸೀಟು ಹಿಡಿದೆ. ಗಲ್ಲಾದಲ್ಲಿ ಮಗ ಕೂತಿದ್ದ. ಗಲ್ಲಾಕ್ಕೆ ಒತ್ತಿ ಗಾಲಿಕುರ್ಚಿ ನಿಲ್ಲಿಸಿತ್ತು. ಮಾಲೀಕರಿಗೆ ಒಗೆದ ಬಿಳಿ ಅಂಗಿ ಹಾಕಿ ಎಲ್ಲರಿಗೂ ಕಾಣುವ ಹಾಗೆ ಕೂರಿಸಿದ್ದರು.

"ಗ್ಲಾಸ್ ಒಡೆದವ, ಆರನೇ ಟೇಬಲ್!" ಎಂದು ಮಗ ಕೂಗಿದ. ಗಂಟಲು ಅಪ್ಪನದೇ. ಹಿಂದಿಯ ಒಂದು ಪದವೂ ಇರಲಿಲ್ಲ. "ಹೆಂಡತಿ ಬಿಟ್ಟುಹೋದವ, ಬಿಲ್ ಎಲ್ಲಿ? ಉಪ್ಪು ಎರಡು ಸಲ ಹಾಕಿದವನಿಗೆ ಹೇಳು, ಚಟ್ನಿ ಮುಗೀತಾ ಬಂತು." ಅಡುಗೆಮನೆಯ ಕಿಂಡಿಯಲ್ಲಿ ಭಟ್ಟರ ಮುಖ ಕಂಡು ಮರೆಯಾಯಿತು.

ಆಮೇಲೆ ಅವನು ಪಕ್ಕಕ್ಕೆ ಬಾಗದೆ, ದನಿ ತಗ್ಗಿಸದೆ, ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದ: "ಆಂಬುಲೆನ್ಸ್ ಬೇಗ ಸಿಕ್ಕಿದವರಿಗೆ ಒಂದು ಕಾಫಿ, ಸಕ್ಕರೆ ಬೇಡ!"

ಸಪ್ಲಾಯರ್ ಅದನ್ನೇ ಒಳಗೆ ದಾಟಿಸಿದ. ಆ ಹೆಸರು ಹೊಸತಲ್ಲ ಎಂದು ಅವನ ದನಿಯಲ್ಲೇ ಗೊತ್ತಾಯಿತು. ಗಿರಾಕಿಗಳು ಕೆಲವರು ತಿರುಗಿ ನೋಡಿದರು. ನಾನು ಮಾಲೀಕರನ್ನು ನೋಡಿದೆ. ಅವರ ಎಡಗೈ ಗಲ್ಲಾದ ಕಟ್ಟಿಗೆಯನ್ನು ಎರಡು ಸಲ ಕುಟ್ಟಿತು. ಅರ್ಧ ಮುಖ ಬಿರಿದಿತ್ತು. ಮಗ ಒಂದು ಕ್ಷಣ ಅತ್ತ ನೋಡಿದ. ಭೇಷ್ ಎನ್ನಿಸಿಕೊಂಡ ಹುಡುಗನ ಕಣ್ಣು ಹಾಗಿರುತ್ತದೆ. ಚಿಲ್ಲರೆ ಎಣಿಸುವುದಕ್ಕೆ ಮರಳಿದ.

ತಲೆ ಎತ್ತುವಾಗ ಅವನಿಗೆ ನಾನು ಕಂಡೆ.

"ಮಾರಾಟ ಕೆಡಿಸಿದವಳು ಬಂದಿದ್ದಾಳೆ. ಅವಳಿಗೂ ಒಂದು ಕಾಫಿ."

ಈ ಸಲ ಹೊರಟದ್ದು ಇನ್ನೊಬ್ಬ ಸಪ್ಲಾಯರ್, ಹೊಸಬ. ಕಾಫಿ ಹಿಡಿದು ಬಂದವನಿಗೆ ಯಾವ ಟೇಬಲ್ ಎಂದು ತಿಳಿಯಲಿಲ್ಲ. ನಾಲ್ಕು ಟೇಬಲ್‌ಗಳಲ್ಲಿ ಹೆಂಗಸರಿದ್ದರು. ಅವನು ಒಬ್ಬೊಬ್ಬರನ್ನೇ ನೋಡುತ್ತಾ ನಡುವೆ ನಿಂತುಬಿಟ್ಟ. ಮಾಲೀಕರ ಎಡಗೈ ಮೇಲೆದ್ದಿತು. ಬೆರಳು ತಡವರಿಸದೆ ಬಂದು ನನ್ನ ಮೇಲೆ ನಿಂತಿತು.